ಹಳೆಯ ಪಿಕ್‌ಅಪ್‌ಗೆ ಹಿಂಬದಿ ಕ್ಯಾಮೆರಾ ಕೂರಿಸುವುದು: ಆಯ್ಕೆಯಿಂದ ಕೊನೆಯ ಪರೀಕ್ಷೆಯವರೆಗೆ

ಸರಕು ತುಂಬಿದ ಪಿಕ್‌ಅಪ್‌ನ ಚಾಲಕನಿಗೆ ಕ್ಯಾಬಿನ್ ಒಳಗಿನ ಕನ್ನಡಿಯಿಂದ ಏನೂ ಪ್ರಯೋಜನವಿಲ್ಲ. ಅದರಲ್ಲಿ ಕಾಣುವುದು ಮೂಟೆಗಳು ಇಲ್ಲವೇ ಟಾರ್ಪಾಲು. ಎರಡೂ ಬದಿಯ ಕನ್ನಡಿಗಳು ಬಾಡಿಯ ಅಂಚನ್ನೂ ಅದರಾಚೆಯ ರಸ್ತೆಯನ್ನೂ ತೋರಿಸುತ್ತವೆಯೇ ಹೊರತು, ಹಿಂಬಾಗಿಲಿಗೆ ತಾಗಿಕೊಂಡ ನಡುವಿನ ಜಾಗವನ್ನು ತೋರಿಸುವುದಿಲ್ಲ. ಬಾಡಿ ಖಾಲಿಯಿದ್ದರೂ ಹಿಂಬಾಗಿಲಿನ ಎತ್ತರಕ್ಕಿಂತ ಕೆಳಗಿರುವುದು ಯಾವುದೂ ಚಾಲಕನ ಕಣ್ಣಿಗೆ ಬೀಳದು. ನಮ್ಮ ಕಡೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಗಾಡಿಯನ್ನು ಹಿಂದಕ್ಕೆ ತೆಗೆಯುವುದು ಬಹುಪಾಲು ಮನೆಯ ಅಂಗಳಕ್ಕೆ, ಅಂದರೆ ಮಕ್ಕಳು ಆಡುವ, ಹೆಂಗಸರು ನೆಲದ ಮೇಲೆ ಕುಳಿತು ಅಡಿಕೆ ಸುಲಿಯುವ ಜಾಗಕ್ಕೆ. ನಮ್ಮ ಮನೆಯ 2012ರ ಬೊಲೆರೊ ಪಿಕ್‌ಅಪ್‌ಗೆ ಕ್ಯಾಮೆರಾ ಹಾಕಲೇಬೇಕು ಎಂದು ನಾನು ತೀರ್ಮಾನಿಸಿದ್ದು ಈ ಒಂದೇ ಕಾರಣಕ್ಕೆ.

ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾಗಿದೆ; ಅದಕ್ಕೂ ಹಿಂದಿನ ಸರಕು ಗಾಡಿಗಳಲ್ಲಿ ಸಾಮಾನ್ಯವಾಗಿ ಇಂಥ ಯಾವ ಏರ್ಪಾಡೂ ಇರುವುದಿಲ್ಲ. ಅಮೆರಿಕದಲ್ಲಿ 2018ರ ಮೇ 1ರಿಂದ, ಒಟ್ಟು ತೂಕ 10,000 ಪೌಂಡ್ ಮೀರದ ಎಲ್ಲ ಹೊಸ ವಾಹನಗಳಿಗೂ, ಪಿಕ್‌ಅಪ್‌ಗಳೂ ಸೇರಿದಂತೆ, ಹಿಂಬದಿಯ ನೋಟವನ್ನು ಪರದೆಯ ಮೇಲೆ ತೋರಿಸುವ ವ್ಯವಸ್ಥೆ ಇರಲೇಬೇಕು. ಆ ನಿಯಮದ ಎರಡು ಅಳತೆಗಳನ್ನು ನೆನಪಿನಲ್ಲಿಡುವಂತೆ ಓದುಗರನ್ನು ಕೇಳಿಕೊಳ್ಳುತ್ತೇನೆ: ವಾಹನದ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಜಾಗ ಪರದೆಯಲ್ಲಿ ಕಾಣಬೇಕು, ಮತ್ತು ರಿವರ್ಸ್ ಗೇರ್ ಹಾಕಿದ 2 ಸೆಕೆಂಡುಗಳೊಳಗೆ ಚಿತ್ರ ಮೂಡಬೇಕು. ನಾವು ಮನೆಯಲ್ಲೇ ಮಾಡುವ ಕೆಲಸಕ್ಕೂ ಇವೇ ಒಳ್ಳೆಯ ಮಾನದಂಡಗಳು. ಕೊನೆಯ ಪರೀಕ್ಷೆಯಲ್ಲಿ ಇವನ್ನು ಬಳಸಲಿದ್ದೇವೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕ್ಯಾಮೆರಾ ಕೊಳ್ಳುವಾಗ ಎಲ್ಲರೂ ಚಿತ್ರದ ಸ್ಪಷ್ಟತೆಯ ಬಗ್ಗೆ ವಿಚಾರಿಸುತ್ತಾರೆ. ಆದರೆ ಹಳೆಯ ಪಿಕ್‌ಅಪ್‌ನಲ್ಲಿ ಕ್ಯಾಮೆರಾ ಕೈಕೊಡುವುದು ಮಸೂರದಿಂದಲ್ಲ; ಕೇಬಲ್ ಹಾದುಬಂದ ದಾರಿಯಿಂದ, ಗಾಡಿಯಡಿಯ ಜೋಡಣೆಗಳಿಂದ ಮತ್ತು ಅರ್ಥಿಂಗ್‌ನಿಂದ, ಅಂದರೆ ವಿದ್ಯುತ್ತು ಗಾಡಿಯ ಲೋಹದ ಮೂಲಕ ಬ್ಯಾಟರಿಗೆ ಮರಳುವ ಜೋಡಣೆಯಿಂದ. ನಾನು ಮೊದಲ ಸಲ ಹಾಕಿದ ಕ್ಯಾಮೆರಾ ಮೊದಲ ಮುಂಗಾರಿನಲ್ಲೇ ನಿಂತುಹೋಯಿತು. ಬಿಚ್ಚಿ ನೋಡಿದಾಗ ಕ್ಯಾಮೆರಾ ಸರಿಯಾಗಿಯೇ ಇತ್ತು. ಬರೀ ಇನ್ಸುಲೇಷನ್ ಟೇಪು ಸುತ್ತಿದ್ದ ಜೋಡಣೆಯೊಳಗೆ ನೀರು ಇಳಿದು ಪಿನ್ನು ಹಸಿರುಗಟ್ಟಿತ್ತು. ಆದ್ದರಿಂದ ಈ ಬರಹದಲ್ಲಿ ಕ್ಯಾಮೆರಾಕ್ಕಿಂತ ವೈರಿನ ಮಾತೇ ಹೆಚ್ಚು.

ಕೊಳ್ಳುವ ಮುನ್ನ

ಪೇಟೆಯಲ್ಲಿ ಎರಡು ಬಗೆಯ ಕಿಟ್‌ಗಳು ಸಿಗುತ್ತವೆ. ಒಂದರಲ್ಲಿ ಹಳದಿ ತುದಿಯ ಆರ್‌ಸಿಎ ವಿಡಿಯೊ ಕೇಬಲ್ ಇದ್ದು, ಅದರ ಪಕ್ಕದಲ್ಲೇ ತೆಳುವಾದ ಕೆಂಪು ವೈರು ಓಡುತ್ತದೆ. ಕ್ಯಾಮೆರಾಕ್ಕೆ ಬೇಕಾದ ವಿದ್ಯುತ್ತನ್ನು ಹಿಂದೆಯೇ ರಿವರ್ಸ್ ದೀಪದಿಂದ ತೆಗೆದುಕೊಳ್ಳಬೇಕು. ಇನ್ನೊಂದರಲ್ಲಿ ನಾಲ್ಕು ಪಿನ್ನಿನ, ತಿರುಗಿಸಿ ಬಿಗಿಯುವ ಲೋಹದ ಕನೆಕ್ಟರ್ ಇರುತ್ತದೆ. ವಿಡಿಯೊ, ವಿದ್ಯುತ್ತು, ಅರ್ಥಿಂಗ್ ಎಲ್ಲವೂ ಒಂದೇ ಕೇಬಲ್ಲಿನಲ್ಲಿ ಪರದೆಯಿಂದ ಕ್ಯಾಮೆರಾದವರೆಗೆ ಹೋಗುತ್ತವೆ. ಲಾರಿ, ಬಸ್ಸುಗಳಿಗೆ ಹಾಕುವುದು ಎರಡನೆಯದನ್ನು. ಪಿಕ್‌ಅಪ್‌ಗೂ ಇದೇ ಸೂಕ್ತ ಎಂಬುದು ನನ್ನ ಅಭಿಪ್ರಾಯ. ಇದರಲ್ಲಿ ಕನೆಕ್ಟರಿನೊಳಗೆ ರಬ್ಬರ್ ಉಂಗುರವಿರುವುದರಿಂದ ನೀರು ಸುಲಭವಾಗಿ ಇಳಿಯದು. ಗಾಡಿ ಕುಲುಕಿದರೂ ಜೋಡಣೆ ಸಡಿಲವಾಗದು. ಕ್ಯಾಮೆರಾಕ್ಕೂ ಪರದೆಗೂ ಒಂದೇ ಅರ್ಥಿಂಗ್ ಇರುವುದರಿಂದ ಚಿತ್ರದಲ್ಲಿ ಪಟ್ಟೆಗಳು ಓಡುವ ತೊಂದರೆ ಹುಟ್ಟುವುದೇ ಅಪರೂಪ.

ಕ್ಯಾಮೆರಾ ಮತ್ತು ಪರದೆಯನ್ನು ಬೇರೆ ಬೇರೆಯಾಗಿ ಕೊಳ್ಳುವವರು ಸಿಗ್ನಲ್ಲಿನ ಬಗೆಯನ್ನು ಗಮನಿಸಬೇಕು. ಹಳೆಯ ಬಗೆಯ ಪರದೆಗಳು ಸಿವಿಬಿಎಸ್ ಎಂಬ ಸಾಮಾನ್ಯ ವಿಡಿಯೊವನ್ನು ಮಾತ್ರ ಗ್ರಹಿಸುತ್ತವೆ. ಅವಕ್ಕೆ ಎಎಚ್‌ಡಿ ಎಂಬ ಹೆಚ್ಚು ಸ್ಪಷ್ಟತೆಯ ಸಿಗ್ನಲ್ಲಿನ ಕ್ಯಾಮೆರಾ ಜೋಡಿಸಿದರೆ ಪರದೆ ಖಾಲಿಯಾಗಿಯೋ ಕಪ್ಪುಬಿಳುಪಿನ ಗೀಟುಗಳಾಗಿಯೋ ಕಾಣುತ್ತದೆ. ಕ್ಯಾಮೆರಾದ ಮೇಲೆ ಐಪಿ67 ಎಂದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಒಳಗೆ ನೀರು ಹೋಗಬಾರದು ಎಂದರ್ಥ. ಐಪಿ69ಕೆ ಎಂದಿದ್ದರೆ ವಾಟರ್ ಸರ್ವಿಸ್‌ನಲ್ಲಿ ಬಿಡುವಂಥ ಹೆಚ್ಚಿನ ಒತ್ತಡದ ಬಿಸಿನೀರನ್ನೂ ಅದು ತಡೆಯಬೇಕು. ಪಿಕ್‌ಅಪ್ ಆಗಾಗ ನೀರೊತ್ತಡದಲ್ಲಿ ತೊಳೆಸಿಕೊಳ್ಳುವ ಗಾಡಿಯಾದ್ದರಿಂದ ಎರಡನೆಯದು ಸಿಕ್ಕರೆ ಒಳ್ಳೆಯದು. ನೋಟದ ಕೋನ 120ರಿಂದ 150 ಡಿಗ್ರಿ ಸಾಕು. 170 ಡಿಗ್ರಿಯ ಮಸೂರದಲ್ಲಿ ಅಕ್ಕಪಕ್ಕ ಹೆಚ್ಚು ಕಾಣುತ್ತದೆ ನಿಜ, ಆದರೆ ಹಿಂದಿರುವ ವಸ್ತು ಚಿಕ್ಕದಾಗಿ, ಇರುವುದಕ್ಕಿಂತ ದೂರದಲ್ಲಿರುವಂತೆ ತೋರುತ್ತದೆ.

ಕೇಬಲ್ಲಿನ ಉದ್ದದಲ್ಲಿ ಜಿಪುಣತನ ಬೇಡ. ಕಾರಿಗೆಂದು ಬರುವ 6 ಮೀಟರ್ ಕೇಬಲ್, ಸುಮಾರು 5 ಮೀಟರ್ ಉದ್ದದ ಪಿಕ್‌ಅಪ್‌ಗೆ ಲೆಕ್ಕದಲ್ಲಿ ಸಾಕೆನಿಸಿದರೂ, ಚಾಸಿಯ ಏರಿಳಿತಗಳನ್ನು ಬಳಸಿ ಡ್ಯಾಶ್‌ಬೋರ್ಡ್ ಹತ್ತುವಷ್ಟರಲ್ಲಿ ಮುಗಿದುಹೋಗಿರುತ್ತದೆ. ಕೇಬಲ್ಲನ್ನು ಎಳೆದು ಬಿಗಿಯಾಗಿ ಕಟ್ಟಿದರೆ ಅದು ತುಂಡಾಗುವುದು ಖಚಿತ. 10 ಮೀಟರಿನದನ್ನೇ ತನ್ನಿ. ಇದರ ಜೊತೆಗೆ ಬೇಕಾಗುವುದು ಮಲ್ಟಿಮೀಟರ್, ವೈರಿನಲ್ಲಿ ವಿದ್ಯುತ್ತಿದ್ದರೆ ಉರಿಯುವ ಟೆಸ್ಟ್ ಲ್ಯಾಂಪ್, ವೈರಿನ ತುದಿಗೆ ಲಗ್ಗು (ಲೋಹದ ಪುಟ್ಟ ಹಿಡಿ) ಒತ್ತುವ ಕ್ರಿಂಪಿಂಗ್ ಇಕ್ಕಳ, ರಿಂಗ್ ಲಗ್ಗುಗಳು, ಬಿಸಿಗೆ ಕುಗ್ಗುವ ಸ್ಲೀವ್, 0.75 ಅಥವಾ 1 ಚದರ ಮಿಲಿಮೀಟರಿನ ಆಟೊ ವೈರು, ಹೋಲ್ಡರ್ ಸಹಿತವಾದ 2 ಆಂಪಿಯರಿನ ಎರಡು ಫ್ಯೂಸ್, ವೈರಿಗೆ ಹೊದಿಸುವ ಸುರುಳಿ ಪೈಪು, ಬಿಸಿಲಿಗೆ ಒಡೆಯದ ಕಪ್ಪು ಕೇಬಲ್ ಟೈಗಳು, ಕೊಂಚ ಗ್ರೀಸು.

ರಿವರ್ಸ್ ದೀಪವೇ ಮೊದಲ ಕೆಲಸ

ಹತ್ತು ಹನ್ನೆರಡು ವರ್ಷ ದುಡಿದ ಪಿಕ್‌ಅಪ್‌ನ ರಿವರ್ಸ್ ದೀಪ ಉರಿಯುತ್ತದೆ ಎಂದು ನಂಬಿಕೊಂಡು ಕೆಲಸ ಆರಂಭಿಸಬೇಡಿ. ಕ್ಯಾಮೆರಾ ತಾನಾಗಿ ಬೆಳಗಬೇಕೆಂದರೆ ಆ ದೀಪಕ್ಕೆ ಬರುವ ವಿದ್ಯುತ್ತೇ ಸೂಚನೆ ಕೊಡಬೇಕು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಟ್ಟು, ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಆನ್‌ಗೆ ಮಾತ್ರ ತಿರುಗಿಸಿ ರಿವರ್ಸ್ ಗೇರ್ ಹಾಕಿ. ದೀಪ ಉರಿಯದಿದ್ದರೆ ಮೊದಲು ಫ್ಯೂಸ್, ಆಮೇಲೆ ಬಲ್ಬು, ಆಮೇಲೆ ಹೋಲ್ಡರಿನ ತುಕ್ಕು ನೋಡಿ. ಮೂರೂ ಸರಿಯಿದ್ದರೆ ಉಳಿದದ್ದು ಗೇರ್‌ಬಾಕ್ಸ್ ಮೇಲಿರುವ ರಿವರ್ಸ್ ಸ್ವಿಚ್. ಅದರ ಕನೆಕ್ಟರನ್ನು ಕಳಚಿ, ಅದರಲ್ಲಿರುವ ಎರಡು ವೈರುಗಳನ್ನು ಒಂದು ತುಂಡು ವೈರಿನಿಂದ ಸೇರಿಸಿದಾಗ ದೀಪ ಉರಿದರೆ ಕೆಟ್ಟಿರುವುದು ಸ್ವಿಚ್ಚೇ; ಅದನ್ನು ಬದಲಾಯಿಸದೆ ಮುಂದಿನ ಯಾವ ಕೆಲಸವೂ ಫಲ ಕೊಡದು.

ದೀಪ ಉರಿಯುತ್ತಿರುವಾಗಲೇ ಹಿಂಬದಿ ದೀಪದ ಡಬ್ಬಿಗೆ ಬರುವ ವೈರುಗಳಲ್ಲಿ ರಿವರ್ಸಿನದು ಯಾವುದು ಎಂದು ಗುರುತಿಸಿಕೊಳ್ಳಿ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಚಾಸಿಗೆ ಸಿಕ್ಕಿಸಿ, ರಿವರ್ಸ್ ಗೇರಿನಲ್ಲಿ ಮಾತ್ರ ಉರಿದು ನ್ಯೂಟ್ರಲ್‌ಗೆ ತಂದ ಕೂಡಲೇ ಆರುವ ವೈರನ್ನು ಹುಡುಕಿ, ಅದಕ್ಕೊಂದು ಟೇಪಿನ ಗುರುತು ಹಾಕಿ. ಬಣ್ಣ ನೋಡಿ ನಿರ್ಧರಿಸುವುದು ಅಪಾಯ. ಕೈಯಿಂದ ಕೈಗೆ ಬಂದ ಗಾಡಿಯಲ್ಲಿ ಎಷ್ಟು ಜನ ಆಟೊ ಎಲೆಕ್ಟ್ರಿಷಿಯನ್ನರು ಯಾವ ಬಣ್ಣದ ವೈರನ್ನು ಎಲ್ಲಿಗೆ ಸೇರಿಸಿರುತ್ತಾರೋ ಹೇಳಲಾಗದು. ಹಳೆಯ ಗಾಡಿಯ ಅನುಕೂಲವೊಂದನ್ನೂ ಇಲ್ಲೇ ಹೇಳಬೇಕು: ಇದರಲ್ಲಿ ದೀಪಗಳನ್ನು ನಿಯಂತ್ರಿಸುವ ಕಂಪ್ಯೂಟರ್ ಇಲ್ಲ. 21 ವ್ಯಾಟಿನ ಬಲ್ಬಿಗೆ ನೇರವಾಗಿ ಬರುವ ಆ ವೈರಿನಿಂದ ಸೂಚನೆಯ ಕವಲು ತೆಗೆದರೆ ಯಾವ ಎಚ್ಚರಿಕೆ ದೀಪವೂ ಹೊತ್ತಿಕೊಳ್ಳುವುದಿಲ್ಲ.

ಗುರುತು ಹಾಕಿಯಾದ ಮೇಲೆ ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚಿಬಿಡಿ. ಕೆಲಸ ಮುಗಿಯುವ ತನಕ ಅದು ಕಳಚಿಯೇ ಇರಲಿ.

ಕ್ಯಾಮೆರಾ ಎಲ್ಲಿ ಕೂರಬೇಕು

ಕಾರಿನಲ್ಲಾದರೆ ಈ ಪ್ರಶ್ನೆ ಅಷ್ಟು ಕಾಡುವುದಿಲ್ಲ. ಪಿಕ್‌ಅಪ್‌ನಲ್ಲಿ ಮಾತ್ರ ಇದನ್ನು ಗಾಡಿಯ ದುಡಿಮೆ ನೋಡಿ ನಿರ್ಧರಿಸಬೇಕು. ಹಿಂಬಾಗಿಲಿನ ಮೇಲೆ ಕೂರಿಸುವುದು ಸುಲಭವೆನಿಸಿದರೂ ಅದು ತಪ್ಪು. ಬಾಗಿಲು ದಿನಕ್ಕೆ ಹತ್ತಾರು ಸಲ ಬಿದ್ದೇಳುವುದರಿಂದ ಕೀಲಿನ ಬಳಿ ಕೇಬಲ್ ಮಡಚಿ ಮಡಚಿ ಒಳಗೇ ತುಂಡಾಗುತ್ತದೆ, ಬಾಗಿಲು ಬೀಳುವ ಪೆಟ್ಟಿಗೆ ಕ್ಯಾಮೆರಾದ ಆಯುಷ್ಯವೂ ಕಡಿಮೆಯಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಎಪಿಎಂಸಿ ಯಾರ್ಡಿನ ಕಟ್ಟೆಗೆ ಗಾಡಿಯನ್ನು ಹಿಂದಕ್ಕೆ ಹಾಕುವಾಗ ಚಾಲಕರು ಬಾಗಿಲನ್ನು ಮೊದಲೇ ಇಳಿಸಿಕೊಂಡು ಆಮೇಲೆ ಹಿಂದೆ ಸರಿಯುತ್ತಾರೆ, ಏಕೆಂದರೆ ಕಟ್ಟೆಗೆ ತಾಗಿದ ಮೇಲೆ ಬಾಗಿಲು ತೆರೆಯಲಾಗದು. ಆಗ ಬಾಗಿಲ ಮೇಲಿನ ಕ್ಯಾಮೆರಾ ತಲೆಕೆಳಗಾಗಿ, ನೋಟವೇ ಇಲ್ಲದಾಗುತ್ತದೆ. ಬಾಗಿಲಿನ ಕೆಳಗೆ, ಬಾಡಿಯ ಅಂಚಿಗೆ ಕೂರಿಸಿದರೂ ಇಳಿಬಿದ್ದ ಬಾಗಿಲು ಅದನ್ನು ಮುಚ್ಚಬಹುದು.

ಆದ್ದರಿಂದ ಮೊದಲು ಬಾಗಿಲನ್ನು ಪೂರ್ತಿ ಇಳಿಬಿಟ್ಟು ಅದರ ಕೆಳತುದಿ ಎಲ್ಲಿಯವರೆಗೆ ಬರುತ್ತದೆ ಎಂದು ಅಳೆದುಕೊಳ್ಳಿ. ಅದಕ್ಕಿಂತ ಕೆಳಗೆ, ಚಾಸಿಯ ಕೊನೆಯ ಅಡ್ಡಪಟ್ಟಿಯ ಮೇಲೋ ಹಿಂಬದಿಯ ಬಂಪರ್ ಪೈಪಿನ ಮೇಲೋ, ಆದಷ್ಟು ನಡುಮಧ್ಯದಲ್ಲಿ ಜಾಗ ಸಿಕ್ಕರೆ ಅದೇ ಉತ್ತಮ. ನೆಲದಿಂದ 60ರಿಂದ 80 ಸೆಂಟಿಮೀಟರ್ ಎತ್ತರವಿದ್ದರೆ ಬಾಗಿಲಿಗೆ ತಾಗಿದ ಜಾಗವೂ ದೂರದ ನೆಲವೂ ಎರಡೂ ಕಾಣುತ್ತವೆ. ನಡುಮಧ್ಯದಲ್ಲಿ ನಂಬರ್ ಪ್ಲೇಟ್ ಇದ್ದರೆ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಬೇಕೇ ಹೊರತು ಪ್ಲೇಟನ್ನು ಮುಟ್ಟಬಾರದು. 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ವಾಹನಗಳಿಗೂ ಕರ್ನಾಟಕದಲ್ಲಿ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನಂಬರ್ ಪ್ಲೇಟ್) ಫಲಕ ಕಡ್ಡಾಯವಾಗಿದ್ದು, ಅದನ್ನು ಹಿಡಿದಿರುವ ಸ್ನ್ಯಾಪ್ ಲಾಕ್ ಒಮ್ಮೆ ಕಿತ್ತರೆ ಮತ್ತೆ ಬಳಕೆಗೆ ಬರುವುದಿಲ್ಲ. ನಂಬರ್ ಪ್ಲೇಟಿನ ಚೌಕಟ್ಟಿನಲ್ಲೇ ಕ್ಯಾಮೆರಾ ಇರುವ ಕಿಟ್‌ಗಳನ್ನು ಈ ಕಾರಣಕ್ಕಾಗಿಯೇ ನಾನು ಯಾರಿಗೂ ಸೂಚಿಸುವುದಿಲ್ಲ. ಒಂದು ಬದಿಗೆ ಸರಿಸಲೇಬೇಕಾದರೆ ಎಡಕ್ಕೆ ಸರಿಸಿ. ಬಲಬದಿಯನ್ನು ಚಾಲಕ ಕಿಟಕಿಯಿಂದ ತಲೆ ಹೊರಹಾಕಿಯಾದರೂ ನೋಡಬಲ್ಲ, ಎಡಬದಿ ಅವನಿಗೆ ದೂರ.

ಚಾಸಿಗೆ ತೂತು ಕೊರೆಯುವ ಬಗ್ಗೆ ಬಹಳ ಎಚ್ಚರ ಬೇಕು. ಉದ್ದಕ್ಕೆ ಓಡುವ ಎರಡು ಚಾಸಿ ತೊಲೆಗಳ ಮೇಲಂಚು ಮತ್ತು ಕೆಳಅಂಚುಗಳು ಇಡೀ ಭಾರದ ಎಳೆತವನ್ನು ಹೊರುವ ಭಾಗಗಳು. ಅಲ್ಲಿ ಕೊರೆದ ಚಿಕ್ಕ ತೂತಿನಿಂದಲೂ ಕಾಲಕ್ರಮದಲ್ಲಿ ಬಿರುಕು ಹುಟ್ಟಬಹುದು. ಈಗಾಗಲೇ ಇರುವ ತೂತುಗಳನ್ನು ಬಳಸಿ, ಇಲ್ಲವೇ ಬಂಪರ್ ಪೈಪಿಗೆ ಕ್ಲ್ಯಾಂಪ್ ಹಾಕಿ ಅದಕ್ಕೆ ಕ್ಯಾಮೆರಾದ ಬ್ರಾಕೆಟ್ ಬಿಗಿಯಿರಿ. ವೆಲ್ಡಿಂಗ್ ಮಾಡಿಸುವುದಾದರೆ ಬ್ಯಾಟರಿ ಕಳಚಿರಲಿ, ಕ್ಯಾಮೆರಾ ಇನ್ನೂ ಜೋಡಣೆಯಾಗದಿರಲಿ. ನಟ್ಟುಗಳಿಗೆ ಸ್ಪ್ರಿಂಗ್ ವಾಷರ್ ಅಥವಾ ನೈಲಾನ್ ಲಾಕ್ ನಟ್ ಇಲ್ಲದಿದ್ದರೆ ಹಳ್ಳಿಯ ರಸ್ತೆಯಲ್ಲಿ ತಿಂಗಳೊಳಗೆ ಕ್ಯಾಮೆರಾ ತಲೆ ತಗ್ಗಿಸಿ ನೆಲ ನೋಡತೊಡಗುತ್ತದೆ. ಮೊದಲ ಸಲ ಪೂರ್ತಿ ಬಿಗಿಯಬೇಡಿ. ಪರದೆಯಲ್ಲಿ ನೋಡಿ ಕೋನ ಹೊಂದಿಸುವುದು ಬಾಕಿಯಿದೆ.

ಬಿದಿರು, ಅಡಿಕೆ ದಬ್ಬೆ, ಕಬ್ಬು ಸಾಗಿಸುವವರಿಗೆ ಒಂದು ಮಾತು. ಹಿಂದಕ್ಕೆ ಚಾಚಿದ ಸರಕಿನ ತುದಿ ಕೆಳಗಿನ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಪರದೆಯಲ್ಲಿ ಗೋಡೆ ದೂರವಿರುವಾಗಲೇ ಬಿದಿರು ಗೋಡೆಗೆ ಹೊಡೆದಿರುತ್ತದೆ. ಅಂಥ ದಿನ ಒಬ್ಬರು ಇಳಿದು ನಿಂತು ನೋಡಲೇಬೇಕು.

ಕೇಬಲ್ಲಿನ ಹಾದಿ

ಕ್ಯಾಮೆರಾದಿಂದ ಹೊರಟ ಕೇಬಲ್ ಚಾಸಿ ತೊಲೆಯ ಒಳಬದಿಯಲ್ಲಿ, ಗಾಡಿಯ ಮೂಲ ವೈರಿಂಗ್ ಯಾವ ಹಾದಿಯಲ್ಲಿ ಹೋಗಿದೆಯೋ ಅದೇ ಹಾದಿಯಲ್ಲಿ ಮುಂದೆ ಬರಬೇಕು. ಕಾರ್ಖಾನೆಯವರು ಆ ಹಾದಿಯನ್ನು ಬಿಸಿ, ತಿರುಗಾಟ, ಕಲ್ಲೇಟು ಎಲ್ಲವನ್ನೂ ಯೋಚಿಸಿಯೇ ಆರಿಸಿರುತ್ತಾರೆ. ಸೈಲೆನ್ಸರ್ ಪೈಪಿರುವ ಬದಿಯನ್ನು ಬಿಟ್ಟು ಇನ್ನೊಂದು ಬದಿಯಲ್ಲಿ ಬರುವುದು ಕ್ಷೇಮ. ಪೈಪನ್ನು ದಾಟಲೇಬೇಕಾದ ಕಡೆ ಕನಿಷ್ಠ ಒಂದು ಗೇಣು ಅಂತರವಿರಲಿ. ತಿರುಗುವ ಪ್ರೊಪೆಲ್ಲರ್ ಶಾಫ್ಟ್, ಭಾರ ಬಿದ್ದಾಗ ಚಪ್ಪಟೆಯಾಗುವ ಸ್ಪ್ರಿಂಗ್ ಪಟ್ಟಿಗಳು, ಮೇಲೆ ಕೆಳಗೆ ಆಡುವ ಹಿಂದಿನ ಆ್ಯಕ್ಸಲ್ ಇವುಗಳ ಹತ್ತಿರಕ್ಕೂ ಕೇಬಲ್ ಸುಳಿಯಬಾರದು. ಖಾಲಿ ಗಾಡಿಯಲ್ಲಿ ಸಾಕಷ್ಟು ಅಂತರವಿದ್ದಂತೆ ಕಂಡರೂ ಒಂದೂವರೆ ಟನ್ ಹೇರಿದಾಗ ಅದು ಇರುವುದಿಲ್ಲ.

ಬ್ರೇಕ್ ಪೈಪಿಗಾಗಲಿ ಡೀಸೆಲ್ ಪೈಪಿಗಾಗಲಿ ಕೇಬಲ್ಲನ್ನು ಕಟ್ಟಬೇಡಿ. ಹಲವು ಗಾಡಿಗಳಲ್ಲಿ ಈ ತಪ್ಪನ್ನು ನೋಡಿದ್ದೇನೆ. ಹಾದಿಯಲ್ಲಿ ಸುಲಭವಾಗಿ ಕೈಗೆ ಸಿಗುವ ಆಸರೆ ಅದೇ ಆದ್ದರಿಂದ ಎಲ್ಲರೂ ಅದಕ್ಕೇ ಟೈ ಬಿಗಿಯುತ್ತಾರೆ. ಕುಲುಕಾಟದಲ್ಲಿ ಟೈ ತಿಕ್ಕಿ ಪೈಪಿನ ಬಣ್ಣ ಹೋಗಿ ತುಕ್ಕು ಹಿಡಿಯಲು ಅಷ್ಟು ಸಾಕು. ಚಾಸಿಯಲ್ಲಿರುವ ತೂತುಗಳಿಗೆ, ಮೂಲ ವೈರಿಂಗಿನ ಕ್ಲಿಪ್ಪುಗಳಿಗೆ ಮಾತ್ರ, ಸುಮಾರು 25 ಸೆಂಟಿಮೀಟರಿಗೆ ಒಂದರಂತೆ ಟೈ ಹಾಕಿ. ಕೇಬಲ್ಲಿನ ಇಡೀ ಉದ್ದಕ್ಕೂ ಸುರುಳಿ ಪೈಪು ಹೊದಿಸಿ. ಇದು ಕಲ್ಲು ಕೆಸರಿನಿಂದ ಕಾಪಾಡುವುದಷ್ಟೇ ಅಲ್ಲ, ಕೊಟ್ಟಿಗೆಯ ಪಕ್ಕ ನಿಲ್ಲುವ ಗಾಡಿಯ ವೈರನ್ನು ಇಲಿ ಕಡಿಯುವುದಕ್ಕೂ ಒಂದಿಷ್ಟು ತಡೆಯಾಗುತ್ತದೆ.

ಬೊಲೆರೊದಂಥ ಗಾಡಿಗಳಲ್ಲಿ ಕ್ಯಾಬಿನ್ ಒಂದು ತುಂಡು, ಸರಕಿನ ಬಾಡಿ ಇನ್ನೊಂದು ತುಂಡು. ಎರಡೂ ಚಾಸಿಯ ಮೇಲೆ ಪ್ರತ್ಯೇಕವಾಗಿ ಕುಳಿತು ರಸ್ತೆಯ ಏರುಪೇರಿಗೆ ತಕ್ಕಂತೆ ಬೇರೆ ಬೇರೆಯಾಗಿ ಅಲ್ಲಾಡುತ್ತವೆ. ಚಾಸಿಯಿಂದ ಕ್ಯಾಬಿನ್ನಿಗೆ ಕೇಬಲ್ ಏರುವ ಜಾಗದಲ್ಲಿ ಒಂದು ಹಿಡಿಯಷ್ಟು ಸಡಿಲ ಬಿಡುವುದು ಇದಕ್ಕಾಗಿ. ಆ ಸಡಿಲವನ್ನು ಕೆಳಮುಖದ ಬಳುಕಾಗಿ ಬಿಟ್ಟರೆ ಇನ್ನೊಂದು ಅನುಕೂಲವಿದೆ: ಕೇಬಲ್ ಮೇಲೆ ಹರಿದು ಬಂದ ಮಳೆನೀರು ಬಳುಕಿನ ತುದಿಯಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ, ಕ್ಯಾಬಿನ್ನಿನೊಳಗೆ ಹೋಗುವುದಿಲ್ಲ. ಒಳಗೆ ಹೋಗಲು ಕ್ಯಾಬಿನ್ನಿನ ತಳದಲ್ಲಿ ಅಥವಾ ಎಂಜಿನ್ ಗೋಡೆಯಲ್ಲಿ ಈಗಾಗಲೇ ವೈರು ಹಾದಿರುವ ರಬ್ಬರ್ ಬುಷ್ ಇರುತ್ತದೆ. ಅದನ್ನು ಸಣ್ಣದಾಗಿ ಸೀಳಿ ಕೇಬಲ್ ತೂರಿಸಿ, ಹೊರಬದಿಯಿಂದ ಸಿಲಿಕಾನ್ ತುಂಬಿ. ಹೊಸ ತೂತು ಕೊರೆಯಲೇಬೇಕಾದರೆ ಅಂಚನ್ನು ಅರದಿಂದ ಉಜ್ಜಿ, ಬಣ್ಣ ಹಚ್ಚಿ, ರಬ್ಬರ್ ಬುಷ್ ಕೂರಿಸಿಯೇ ಕೇಬಲ್ ಎಳೆಯಬೇಕು. ಬರೀ ತಗಡಿನ ತೂತಿನಲ್ಲಿ ಹಾದ ವೈರು ಕೆಲವೇ ವಾರಗಳಲ್ಲಿ ಸಿಪ್ಪೆ ಕಳೆದುಕೊಂಡು ಷಾರ್ಟ್ ಆಗುತ್ತದೆ.

ವಿದ್ಯುತ್ತು, ಫ್ಯೂಸ್, ಅರ್ಥಿಂಗ್

ನಾಲ್ಕು ಪಿನ್ನಿನ ಕಿಟ್‌ನಲ್ಲಿ ಪರದೆಯಿಂದ ಸಾಮಾನ್ಯವಾಗಿ ಮೂರು ವೈರುಗಳು ಹೊರಬರುತ್ತವೆ: ಕೆಂಪು ವಿದ್ಯುತ್ತಿಗೆ, ಕಪ್ಪು ಅರ್ಥಿಂಗ್‌ಗೆ, ಬೇರೆ ಬಣ್ಣದ ಮೂರನೆಯದು ರಿವರ್ಸ್ ಸೂಚನೆಗೆ. ಕಿಟ್‌ನ ಚೀಟಿಯಲ್ಲಿ ಇದನ್ನು ಖಚಿತಪಡಿಸಿಕೊಳ್ಳಿ. ಕೆಂಪನ್ನು ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವ ಕಡೆಗೆ, ಅಂದರೆ ರೇಡಿಯೊ ಅಥವಾ ಸಿಗರೇಟ್ ಲೈಟರಿನ ವೈರಿಗೆ, ಸೇರಿಸಬೇಕು. ಸದಾ ವಿದ್ಯುತ್ತಿರುವ ವೈರಿಗೆ ಸೇರಿಸಿದರೆ ಗಾಡಿ ನಿಂತಾಗಲೂ ಪರದೆ ಅಷ್ಟಿಷ್ಟು ಎಳೆಯುತ್ತಲೇ ಇದ್ದು, ವಾರಗಟ್ಟಲೆ ಓಡದ ಗಾಡಿಯ ಬ್ಯಾಟರಿ ಇಳಿದುಹೋಗುತ್ತದೆ. ಸೂಚನೆಯ ವೈರನ್ನು ಕೇಬಲ್ಲಿನ ಜೊತೆಯಲ್ಲೇ ಹಿಂದಕ್ಕೆ ಎಳೆದು, ಗುರುತು ಹಾಕಿಟ್ಟ ರಿವರ್ಸ್ ವೈರಿಗೆ ಜೋಡಿಸಬೇಕು. ಎರಡೂ ಕಡೆ, ವಿದ್ಯುತ್ತು ತೆಗೆದ ಜಾಗಕ್ಕೆ ಆದಷ್ಟು ಹತ್ತಿರದಲ್ಲಿ, 2 ಆಂಪಿಯರಿನ ಫ್ಯೂಸ್ ಇರಲೇಬೇಕು. ಫ್ಯೂಸ್ ಕಾಯುವುದು ಪರದೆಯನ್ನಲ್ಲ, ವೈರನ್ನು. ದೂರದಲ್ಲಿ ಹಾಕಿದರೆ ಮೂಲದಿಂದ ಫ್ಯೂಸ್‌ವರೆಗಿನ ವೈರು ಚಾಸಿಗೆ ತಾಗಿ ಸುಟ್ಟರೂ ಅದಕ್ಕೆ ತಿಳಿಯುವುದಿಲ್ಲ.

ಜೋಡಣೆಗೆ ವೈರಿನ ಸಿಪ್ಪೆ ಸುಲಿದು ತಿರುಚಿ ಟೇಪು ಸುತ್ತುವ ರೂಢಿಯನ್ನು ಇಲ್ಲಿ ದಯವಿಟ್ಟು ಬಿಡಿ. ಮೂಲ ವೈರನ್ನು ಕತ್ತರಿಸಿ, ಎರಡು ತುದಿಗಳನ್ನೂ ಹೊಸ ವೈರನ್ನೂ ಒಂದೇ ಲಗ್ಗಿನಲ್ಲಿ ಕ್ರಿಂಪ್ ಮಾಡಿ, ಒಳಮೈಗೆ ಅಂಟು ಬಳಿದಿರುವ ಕುಗ್ಗುವ ಸ್ಲೀವ್ ಹೊದಿಸಿ ಬಿಸಿ ಮಾಡಿದರೆ ನೀರು ಒಳಗಿಳಿಯದು. ಬೆಸುಗೆ ಹಾಕಿ ಜೋಡಿಸಿದ ವೈರು ಬೆಸುಗೆ ಮುಗಿಯುವ ಜಾಗದಲ್ಲಿ ಕಡ್ಡಿಯಂತೆ ಗಟ್ಟಿಯಾಗಿ, ಸದಾ ನಡುಗುವ ಚಾಸಿಯ ಮೇಲೆ ಅಲ್ಲೇ ಮುರಿಯುವ ಸಂಭವವಿರುವುದರಿಂದ ನಾನು ಕ್ರಿಂಪನ್ನೇ ನೆಚ್ಚಿಕೊಂಡಿದ್ದೇನೆ.

ಇನ್ನು ಅರ್ಥಿಂಗ್. ಆರ್‌ಸಿಎ ಬಗೆಯ ಕ್ಯಾಮೆರಾ ಹಾಕುವವರು ಅದರ ಕಪ್ಪು ವೈರನ್ನು ಹಿಂದೆಯೇ ಎಲ್ಲಾದರೂ ಸೇರಿಸಬೇಕಾಗುತ್ತದೆ, ಮತ್ತು ಹತ್ತರಲ್ಲಿ ಎಂಟು ಜನ ಅದನ್ನು ಸರಕಿನ ಬಾಡಿಗೆ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಆದರೆ ಬಾಡಿಗೂ ಚಾಸಿಗೂ ನಡುವೆ ಮರದ ಅಥವಾ ರಬ್ಬರಿನ ಹಾಸು ಇರುತ್ತದೆ. ವಿದ್ಯುತ್ತು ದಾಟುವುದು ತುಕ್ಕು ಹಿಡಿದ ನಾಲ್ಕಾರು ಬೋಲ್ಟುಗಳ ಮೂಲಕ ಮಾತ್ರ. ಒಣ ದಿನ ಕೆಲಸ ಮಾಡಿದ ಕ್ಯಾಮೆರಾ ಮಳೆಯ ದಿನ ಮಿಣುಕುವುದು ಈ ಕಾರಣಕ್ಕೆ. ಹಿಂದೆ ಕೊಡುವ ಅರ್ಥಿಂಗ್ ಯಾವಾಗಲೂ ಚಾಸಿಗೇ ಇರಬೇಕು. ಈಗಾಗಲೇ ಇರುವ ಒಂದು ಬೋಲ್ಟನ್ನು ಬಿಚ್ಚಿ, ಅದರ ಸುತ್ತ ಬಣ್ಣವನ್ನೂ ತುಕ್ಕನ್ನೂ ಉಪ್ಪುಕಾಗದದಿಂದ ಹೊಳೆಯುವ ಲೋಹ ಕಾಣುವ ತನಕ ಉಜ್ಜಿ, ರಿಂಗ್ ಲಗ್ಗನ್ನು ಹಲ್ಲಿನ ವಾಷರಿನೊಡನೆ ಬಿಗಿದು, ಮೇಲೆ ಗ್ರೀಸು ಬಳಿಯಿರಿ. ಪರದೆಯ ಕಪ್ಪು ವೈರಿಗೂ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಹಿಡಿದಿರುವ ಸ್ಕ್ರೂ ಸಾಲದು, ಕ್ಯಾಬಿನ್ನಿನ ಲೋಹಕ್ಕೆ ಇದೇ ರೀತಿ ಬಿಗಿಯಬೇಕು.

ಬ್ಯಾಟರಿ ಮತ್ತೆ ಜೋಡಿಸಿದ ಮೇಲೆ ಅರ್ಥಿಂಗ್ ಸರಿಯಿದೆಯೇ ಎಂದು ತಿಳಿಯಲು ಕ್ಯಾಮೆರಾ ಮತ್ತು ಪರದೆ ಎರಡೂ ಚಾಲೂ ಇರುವಾಗ ಮಲ್ಟಿಮೀಟರನ್ನು ಡಿಸಿ ವೋಲ್ಟಿಗಿಟ್ಟು, ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಅರ್ಥಿಂಗ್ ಬೋಲ್ಟಿಗೂ ಹಿಡಿಯಿರಿ. ಸೊನ್ನೆಗೆ ಹತ್ತಿರವಿದ್ದರೆ ಸರಿ. 0.2 ವೋಲ್ಟ್ ದಾಟಿದರೆ ಎಲ್ಲೋ ತುಕ್ಕಿದೆ. ಹಳೆಯ ಗಾಡಿಯಲ್ಲಿ ಬ್ಯಾಟರಿಯಿಂದ ಚಾಸಿಗೆ ಬರುವ ದಪ್ಪ ಅರ್ಥಿಂಗ್ ಪಟ್ಟಿಯನ್ನೇ ಬದಲಿಸಬೇಕಾಗಿ ಬಂದರೂ ಆಶ್ಚರ್ಯವಿಲ್ಲ. ಅದನ್ನು ಬದಲಿಸಿದ ಮೇಲೆ ನಮ್ಮ ಗಾಡಿಯ ಹೆಡ್‌ಲೈಟೂ ಮೊದಲಿಗಿಂತ ಪ್ರಖರವಾಯಿತು.

ಪರದೆಯ ಜಾಗ

ಇರುವ ಕನ್ನಡಿಯ ಮೇಲೆ ಸಿಕ್ಕಿಸುವ ಪರದೆ ಪಿಕ್‌ಅಪ್‌ಗೆ ಸಹಜವಾಗಿ ಹೊಂದುತ್ತದೆ, ಏಕೆಂದರೆ ಹಿಂದೆ ನೋಡಲು ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಆದರೆ ಹಳೆಯ ಕನ್ನಡಿಯ ಗುಬುಟು ಸವೆದಿದ್ದರೆ ಪರದೆಯ ಭಾರಕ್ಕೆ ಅದು ನಡುಗುತ್ತಲೇ ಇರುತ್ತದೆ. ಆಗ ಡ್ಯಾಶ್‌ಬೋರ್ಡಿನ ಮೇಲೆ ಸ್ಕ್ರೂ ಹಾಕಿ ನಿಲ್ಲಿಸುವ 5 ಅಥವಾ 7 ಅಂಗುಲದ ಪರದೆಯೇ ಮೇಲು. ರಸ್ತೆ ನೋಡುವ ದೃಷ್ಟಿಗೆ ಅದು ಅಡ್ಡ ಬರಬಾರದು. ಅಂಟಿನ ಪಟ್ಟಿಯನ್ನು ಮಾತ್ರ ನಂಬಬೇಡಿ, ಏಪ್ರಿಲ್ ಬಿಸಿಲಿಗೆ ಅದು ಜಾರುತ್ತದೆ.

ಪರೀಕ್ಷೆ

ಮೊದಲ ಪರೀಕ್ಷೆ ಎಡಬಲದ್ದು. ಒಬ್ಬರನ್ನು ಗಾಡಿಯ ಹಿಂದೆ, ಚಾಲಕನಿರುವ ಬಲಬದಿಗೆ ನಿಲ್ಲಿಸಿ. ಪರದೆಯಲ್ಲಿಯೂ ಅವರು ಬಲಗಡೆಯೇ ಕಾಣಬೇಕು. ಎಡಗಡೆ ಕಂಡರೆ ಚಿತ್ರವನ್ನು ಕನ್ನಡಿಯಂತೆ ತಿರುಗಿಸಬೇಕಾಗಿದೆ. ಕೆಲವು ಕಿಟ್‌ಗಳಲ್ಲಿ ಪರದೆಯ ಮೆನುವಿನಲ್ಲೇ ಅದು ಸಾಧ್ಯ, ಕೆಲವು ಕ್ಯಾಮೆರಾಗಳಲ್ಲಿ ಅದಕ್ಕೆಂದೇ ಬಿಟ್ಟಿರುವ ಪುಟ್ಟ ವೈರಿನ ಕುಣಿಕೆಯನ್ನು ಕತ್ತರಿಸಬೇಕು. ಚೀಟಿ ಓದದೆ ಕತ್ತರಿಸಬೇಡಿ, ಪಕ್ಕದಲ್ಲಿರುವ ಇನ್ನೊಂದು ಕುಣಿಕೆ ಮಾರ್ಗಸೂಚಿ ಗೆರೆಗಳದ್ದಾಗಿರುತ್ತದೆ. ಈ ಪರೀಕ್ಷೆಯನ್ನು ಬಿಟ್ಟು ಗಾಡಿ ಓಡಿಸಿದರೆ ಕ್ಯಾಮೆರಾ ಇಲ್ಲದಿದ್ದುದಕ್ಕಿಂತ ಹೆಚ್ಚಿನ ಅಪಾಯ.

ಎರಡನೆಯದು ಮೊದಲು ಹೇಳಿದ 10 ಅಡಿ, 20 ಅಡಿಯ ಲೆಕ್ಕ. ಗಾಡಿಯ ಹಿಂಬದಿಯ ನಡುವಿನಿಂದ ಎರಡೂ ಕಡೆಗೆ 5 ಅಡಿ ಅಳೆದು, ಹಿಂದಕ್ಕೆ 20 ಅಡಿಯವರೆಗೆ ಸುಣ್ಣದ ಪುಡಿಯಿಂದ ಚೌಕ ಬರೆಯಿರಿ. ಅಮೆರಿಕದ ಪರೀಕ್ಷೆಯಲ್ಲಿ ಈ ಜಾಗದಲ್ಲಿ 0.8 ಮೀಟರ್ ಎತ್ತರ, 0.3 ಮೀಟರ್ ಅಡ್ಡಳತೆಯ ಕಂಬಗಳನ್ನು ನಿಲ್ಲಿಸುತ್ತಾರೆ. ಸುಮಾರಾಗಿ ಅದು ಆಗತಾನೇ ನಡೆಯಲು ಕಲಿತ ಮಗುವಿನ ಎತ್ತರ. ನಾನು ಅದೇ ಎತ್ತರಕ್ಕೆ ಕಟ್ಟಿದ ಗೋಣಿಚೀಲಗಳನ್ನು ಚೌಕದ ನಾಲ್ಕು ಮೂಲೆಗಳಲ್ಲಿಯೂ ಬಾಗಿಲಿನಿಂದ ಒಂದು ಅಡಿ ದೂರದಲ್ಲಿಯೂ ನಿಲ್ಲಿಸಿ ನೋಡಿದೆ. ದೂರದವು ಪೂರ್ತಿಯಾಗಿ, ಹತ್ತಿರದವು ಗುರುತು ಸಿಗುವಷ್ಟಾದರೂ ಕಾಣುವವರೆಗೆ ಕ್ಯಾಮೆರಾದ ಕೋನ ಹೊಂದಿಸಿ, ಆಮೇಲೆ ಬೋಲ್ಟುಗಳನ್ನು ಪೂರ್ತಿ ಬಿಗಿಯಿರಿ. ಪರದೆಯ ಕೆಳಅಂಚಿನಲ್ಲಿ ಬಂಪರಿನ ಒಂದು ಗೆರೆ ಕಾಣುವಂತಿದ್ದರೆ ದೂರದ ಅಂದಾಜು ಸುಲಭ.

ಪರದೆಯ ಮೇಲೆ ಮೂಡುವ ಹಸಿರು, ಹಳದಿ, ಕೆಂಪು ಗೆರೆಗಳು ಯಾವುದೋ ಕಾರಿನ ಎತ್ತರಕ್ಕೆಂದು ಮಾಡಿದವು. ಅವನ್ನು ನಂಬದೆ, ಗಾಡಿಯ ಹಿಂದೆ ಅರ್ಧ, ಒಂದು ಮತ್ತು ಎರಡು ಮೀಟರಿಗೆ ಹಗ್ಗ ಹಾಸಿ, ಅವು ಪರದೆಯಲ್ಲಿ ಎಲ್ಲಿ ಬೀಳುತ್ತವೆ ಎಂದು ನೋಡಿ, ಪರದೆಯ ಚೌಕಟ್ಟಿನ ಅಂಚಿಗೆ ತೆಳುವಾದ ಬಣ್ಣದ ಟೇಪಿನ ಗುರುತು ಅಂಟಿಸಿ. ಗಾಡಿ ಖಾಲಿಯಿರುವಾಗಲೊಮ್ಮೆ, ತುಂಬಿರುವಾಗಲೊಮ್ಮೆ ನೋಡಬೇಕು. ಭಾರಕ್ಕೆ ಹಿಂಬದಿ ಕುಗ್ಗಿದಾಗ ಗುರುತುಗಳು ಕೊಂಚ ಸರಿಯುತ್ತವೆ. ರಿವರ್ಸ್ ಗೇರ್ ಹಾಕಿ ಎರಡು ಎಣಿಸುವುದರೊಳಗೆ ಚಿತ್ರ ಬರುತ್ತದೆಯೇ ಎಂಬುದನ್ನೂ ಇದೇ ಹೊತ್ತಿನಲ್ಲಿ ಪರೀಕ್ಷಿಸಿ. ತಡವಾಗಿ ಬಂದರೆ ಚಾಲಕರು ಕಾಯದೆ ಹೊರಡುತ್ತಾರೆ. ಸಂಜೆ ಕತ್ತಲಾದ ಮೇಲೆ ಮತ್ತೊಮ್ಮೆ ನೋಡಿ. ಚಿತ್ರ ಮಂಕಾಗಿದ್ದರೆ ಕ್ಯಾಮೆರಾ ಬದಲಿಸುವ ಮೊದಲು ರಿವರ್ಸ್ ದೀಪದ ಹಳದಿಗಟ್ಟಿದ ಗಾಜನ್ನು ಬದಲಿಸಿ.

ಆಮೇಲೆ ಕಾಣುವ ತೊಂದರೆಗಳು

ಎಂಜಿನ್ ಚಾಲೂ ಆದ ಕೂಡಲೇ ಚಿತ್ರದಲ್ಲಿ ಅಡ್ಡ ಪಟ್ಟೆಗಳು ಓಡಿ, ಆ್ಯಕ್ಸಲರೇಟರ್ ಒತ್ತಿದಂತೆ ಅವುಗಳ ವೇಗ ಹೆಚ್ಚಿದರೆ ಅದು ಆಲ್ಟರ್ನೇಟರಿನಿಂದ ಬಂದದ್ದು. ಕ್ಯಾಮೆರಾಕ್ಕೆ ಒಂದು ಅರ್ಥಿಂಗ್, ಪರದೆಗೆ ಇನ್ನೊಂದು ಇದ್ದು ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸವಿರುವಾಗ ಹೀಗಾಗುತ್ತದೆ. ಕ್ಯಾಮೆರಾದ ಕಪ್ಪು ವೈರನ್ನು ಹಿಂದೆ ಕಳಚಿ, ಕೇಬಲ್ಲಿನ ಜೊತೆ ಮುಂದೆ ತಂದು ಪರದೆಯ ಅರ್ಥಿಂಗ್ ಬೋಲ್ಟಿಗೇ ಬಿಗಿದರೆ ಬಹುತೇಕ ನಿವಾರಣೆಯಾಗುತ್ತದೆ. ಗಾಡಿ ಕುಲುಕಿದಾಗ ಮಾತ್ರ ಚಿತ್ರ ಹೋಗಿ ಬರುತ್ತಿದ್ದರೆ ಕ್ಯಾಬಿನ್ನಿನ ಬಳಿಯ ಬಳುಕು ಮತ್ತು ಕ್ಯಾಮೆರಾದ ಹಿಂದಿನ ಮೊದಲ ಟೈ, ಈ ಎರಡು ಜಾಗಗಳನ್ನು ಮೊದಲು ನೋಡಿ. ಪರದೆ ಬೆಳಗಿ "ಸಿಗ್ನಲ್ ಇಲ್ಲ" ಎಂದು ತೋರಿಸಿದರೆ ಕ್ಯಾಮೆರಾಕ್ಕೆ 12 ವೋಲ್ಟ್ ತಲುಪುತ್ತಿದೆಯೇ ಎಂದು ಅದರ ಕನೆಕ್ಟರಿನಲ್ಲೇ ಅಳೆಯಿರಿ. ಬೆಳಿಗ್ಗೆ ಚಿತ್ರ ಮಸುಕಾಗಿದ್ದು ಬಿಸಿಲೇರಿದಂತೆ ತಿಳಿಯಾದರೆ ಮಸೂರದೊಳಗೆ ತೇವ ಸೇರಿದೆ. ಅದಕ್ಕೆ ರಿಪೇರಿ ಇಲ್ಲ, ಹೊಸ ಕ್ಯಾಮೆರಾ ತರಬೇಕು.

ಗಾಡಿಯಡಿಯ ಕನೆಕ್ಟರ್ ಬಗ್ಗೆ ಕೊನೆಯದಾಗಿ. ನಾಲ್ಕು ಪಿನ್ನಿನದಾದರೂ ಕೈಯಿಂದ ಪೂರ್ತಿ ಬಿಗಿದು, ಮೇಲೆ ಎಳೆದು ಸುತ್ತಿದರೆ ತನ್ನಷ್ಟಕ್ಕೆ ಒಂದಾಗಿ ಬೆಸೆಯುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಒಂದು ಸುತ್ತಿನ ಅರ್ಧದಷ್ಟು ಮುಂದಿನ ಸುತ್ತು ಬೀಳುವಂತೆ ಸುತ್ತಿ, ಚಕ್ರದ ಕೆಸರು ನೇರವಾಗಿ ಬಡಿಯದಂತೆ ಚಾಸಿ ತೊಲೆಯ ಒಳಮಡಿಕೆಯಲ್ಲಿ ಕಟ್ಟಬೇಕು. ಆರ್‌ಸಿಎ ಜೋಡಣೆಯಾದರೆ ಅದರ ಮೇಲೆ ಕುಗ್ಗುವ ಸ್ಲೀವನ್ನೂ ಹಾಕಿ. ಸರ್ವಿಸ್‌ಗೆ ಕೊಟ್ಟಾಗ ನೀರಿನ ಪೈಪನ್ನು ಕ್ಯಾಮೆರಾದ ಹತ್ತಿರ ಹಿಡಿಯದಂತೆ ಹೇಳಿ. ಮಸೂರವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಓಡುವ ಗಾಡಿಗಳಲ್ಲಿ ಪ್ರತಿ ಮೇ ತಿಂಗಳ ಕೊನೆಗೆ ಅರ್ಥಿಂಗ್ ಬೋಲ್ಟನ್ನೊಮ್ಮೆ ಬಿಚ್ಚಿ, ಉಜ್ಜಿ, ಹೊಸ ಗ್ರೀಸು ಬಳಿದು ಬಿಗಿಯಬೇಕು. ಅರ್ಧ ಗಂಟೆಯ ಕೆಲಸ, ಮೊದಲ ಮಳೆ ಬೀಳುವುದರೊಳಗೆ ಮುಗಿದಿರಲಿ.